ಬಾಟಲಿ ಬಿಡಿಸಿ ಮೂರು ವಾರ

2024 ಆಗಸ್ಟ್ 11, ಭಾನುವಾರ
ತುಮಕೂರು

ಇವತ್ತು ಮಧ್ಯಾಹ್ನ ಪುಟ್ಟಿ ಮುಕ್ಕಾಲು ಬಟ್ಟಲು ಅನ್ನ ಉಂಡಳು. ಹೆಸರುಬೇಳೆ, ನುಗ್ಗೆಸೊಪ್ಪು ಒಟ್ಟಿಗೆ ಬೇಯಿಸಿ, ಅನ್ನದ ಜೊತೆ ಕಿವುಚಿ, ಒಂದು ಚಮಚ ತುಪ್ಪ, ನಾಲ್ಕು ಹನಿ ನಿಂಬೆರಸ. ಅರ್ಧ ನಾನು ತಿನ್ನಿಸಿದೆ, ಅರ್ಧ ಅವಳೇ ಕೈ ಹಾಕಿ ಬಾಯಿಗಿಟ್ಟುಕೊಂಡಳು. ಕೆನ್ನೆ, ಹುಬ್ಬು, ನನ್ನ ಸೀರೆ ಸೆರಗು ಎಲ್ಲಕ್ಕೂ ಮೆತ್ತಿತ್ತು. ಒರೆಸಲು ಬಟ್ಟೆ ಹಿಡಿದು ಬಂದ ಅತ್ತೆ ಒರೆಸದೆ ಹಾಗೇ ನಿಂತು ನೋಡುತ್ತಿದ್ದರು. ನನಗೂ ಮಾತು ಹೊರಡಲಿಲ್ಲ. ಇದೇ ಮಗು ಮೂರು ವಾರದ ಹಿಂದೆ ಚಮಚ ಕಂಡರೆ ಮುಖ ತಿರುಗಿಸುತ್ತಿತ್ತು.

ಜುಲೈ 20ರ ಶನಿವಾರ ಡಾಕ್ಟರ ಹತ್ತಿರ ಹೋಗಿದ್ದೆವು. ಆಗ ಅವಳಿಗೆ ಹದಿಮೂರು ತಿಂಗಳು. ತೂಕ 8.4 ಕಿಲೋ, ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ ಎಂದರು. ಆದರೆ ರೆಪ್ಪೆ ಕೆಳಗೆ ಎಳೆದು ನೋಡಿ, ಅಂಗೈ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಅಂದರು. ಹಿಮೋಗ್ಲೋಬಿನ್ 9.1 ಬಂತು, ಕಡಿಮೆ, ಮೈಯಲ್ಲಿ ಕಬ್ಬಿಣ ಸಾಲದು ಎಂದರು. ಕಾಗದ ಕೈಯಲ್ಲಿ ಹಿಡಿದಾಗ ನನ್ನ ಮನಸ್ಸಿಗೆ ಬಂದದ್ದು ಒಂದೇ, ನನ್ನ ಹಾಲಿನಲ್ಲೇ ಏನೋ ಕೊರತೆ ಅಂತ. ಸುತ್ತಲಿನವರೆಲ್ಲ ಹೇಳುತ್ತಿದ್ದದ್ದೂ ಅದೇ ಅಲ್ಲವೇ. "ವರ್ಷ ಆದ್ಮೇಲೆ ಎದೆಹಾಲಲ್ಲಿ ಏನ್ ಸತ್ವ ಇರುತ್ತಮ್ಮ, ಬಿಡಿಸಿಬಿಡು, ತಾನಾಗೇ ಉಣ್ಣುತ್ತೆ" ಎಂದು ಎದುರುಮನೆಯವರು. ಬೇವಿನ ಸೊಪ್ಪು ಅರೆದು ಹಚ್ಚಿಕೋ ಎಂದು ನನ್ನ ಅಮ್ಮನೇ ಫೋನಿನಲ್ಲಿ ಎರಡು ಸಲ ಹೇಳಿದ್ದಳು.

ಡಾಕ್ಟರಮ್ಮ ಕೇಳಿದ್ದೇ ಬೇರೆ. "ದಿನಕ್ಕೆ ಎಷ್ಟು ಹಾಲು ಕುಡೀತಾಳೆ?"

"ಬೆಳಿಗ್ಗೆ, ಸಾಯಂಕಾಲ, ಮಲಗುವಾಗ, ರಾತ್ರಿ ಒಂದು ಸಲ" ಅಂದೆ.

"ಅದಲ್ಲಮ್ಮ. ಬಾಟಲಿಲಿ?"

ಅತ್ತೆಯ ಮುಖ ನೋಡಿದೆ. ನಾನು ಕಾಲೇಜಿಗೆ ಹೋದ ಮೇಲೆ ಲೆಕ್ಕ ಅವರದ್ದು. ಇನ್ನೂರು ಎಂಎಲ್ ಬಾಟಲಿ, ಒಂಬತ್ತೂವರೆಗೆ ಒಂದು, ಹನ್ನೆರಡಕ್ಕೆ ಒಂದು, ಮೂರಕ್ಕೆ ಒಂದು, ಸಾಯಂಕಾಲ ನಾನು ಬಸ್ಸಿಗೆ ತಡವಾದರೆ ಇನ್ನೊಂದು. ಆರುನೂರರಿಂದ ಎಂಟುನೂರು ಎಂಎಲ್ ಹಸುವಿನ ಹಾಲು, ಅದೂ ನನ್ನ ಹಾಲು ಸಾಲದೆಂದು ಅದರ ಮೇಲೆ. ಆ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗ ಎಲ್ಲಿದೆ?

ಡಾಕ್ಟರಮ್ಮ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆದಿಡಬೇಕು, ಯಾಕೆಂದರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಮಗು ಹುಟ್ಟುವಾಗ ತಾಯಿಯಿಂದ ಕಬ್ಬಿಣದ ದಾಸ್ತಾನು ತಂದಿರುತ್ತದೆ, ಅದು ಹೆಚ್ಚುಕಡಿಮೆ ಆರು ತಿಂಗಳಿಗೆ ಮುಗಿಯುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ, ಇರುವಷ್ಟು ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತದೆ. ಅಲ್ಲಿಂದ ಮುಂದಿನದು ಊಟದಿಂದಲೇ ಬರಬೇಕು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಏಳೆಂಟು ಮಿಲಿಗ್ರಾಂ ಕಬ್ಬಿಣ ಬೇಕು. ಒಂದು ಲೀಟರ್ ಹಸುವಿನ ಹಾಲು ಕುಡಿದರೂ ಸಿಗುವುದು ಸುಮಾರು ಅರ್ಧ ಮಿಲಿಗ್ರಾಂ. ಸಾಲದ್ದಕ್ಕೆ ಹಾಲಿನ ಸುಣ್ಣದಂಶ, ಅದರ ಪ್ರೋಟೀನು ಎರಡೂ ಬೇರೆ ಆಹಾರದ ಕಬ್ಬಿಣ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತವೆ.

ಅವತ್ತು ರಾತ್ರಿ ಮಲಗಿಕೊಂಡು ಹಿಂದಿನದೆಲ್ಲ ಜೋಡಿಸಿ ನೋಡಿದೆ. ಇಪ್ಪತ್ತಾರು ವಾರದ ರಜೆ ಮುಗಿಸಿ ಡಿಸೆಂಬರಿನಲ್ಲಿ ಕೆಲಸಕ್ಕೆ ಹೋದಾಗ ಪುಟ್ಟಿಗೆ ಸರಿಯಾಗಿ ಆರು ತಿಂಗಳು. ಸ್ಟಾಫ್ ರೂಮಿನ ಪಕ್ಕದ ಸ್ಟೋರಿನಲ್ಲಿ ಕುಳಿತು ಹಿಂಡಿದ ಹಾಲು ದಿನಕ್ಕೆ ನೂರಿಪ್ಪತ್ತು ಎಂಎಲ್ ದಾಟುತ್ತಿರಲಿಲ್ಲ. ಹಗಲಿಗೆ ಫಾರ್ಮುಲಾ ಪುಡಿ ಶುರು ಮಾಡಿದೆವು, ಡಾಕ್ಟರು ಹೇಳಿಯೇ. ಅದರ ಬಗ್ಗೆ ನನಗೆ ಈಗಲೂ ನಾಚಿಕೆಯಿಲ್ಲ, ಅದಿಲ್ಲದಿದ್ದರೆ ನಾನು ಕೆಲಸ ಬಿಡಬೇಕಿತ್ತು. ಮೊದಲ ಹುಟ್ಟುಹಬ್ಬ ಆದ ಮಾರನೇ ದಿನ ಡಬ್ಬಿ ನಿಲ್ಲಿಸಿ, ಅದೇ ಬಾಟಲಿಗೆ, ಅದೇ ಅಳತೆಗೆ ಹಸುವಿನ ಹಾಲು ತುಂಬಿದೆವು. ಪುಡಿಗೆ ಕಬ್ಬಿಣ ಬೆರೆಸಿರುತ್ತಾರೆ, ಹಸುವಿನ ಹಾಲಿಗೆ ಯಾರೂ ಬೆರೆಸಿಲ್ಲ. ಊಟ ಹೆಚ್ಚಾಗಬೇಕಾದ ಹೊತ್ತಿಗೆ ನಾವು ಒಂದು ಹಾಲಿನ ಬದಲು ಇನ್ನೊಂದು ಹಾಲು ತಂದಿಟ್ಟಿದ್ದೆವು. ಆಶಾ ಕಾರ್ಯಕರ್ತೆ ತಂದುಕೊಟ್ಟ ಕಬ್ಬಿಣದ ಸಿರಪ್ಪಿನ ಶೀಷೆಯೂ ಕಪಾಟಿನಲ್ಲಿ ಮುಚ್ಚಳ ತೆಗೆಯದೇ ಇತ್ತು. ಆರು ತಿಂಗಳಿನಿಂದ ಐದು ವರ್ಷದವರೆಗೆ ಎಲ್ಲ ಮಕ್ಕಳಿಗೂ ವಾರಕ್ಕೆರಡು ಸಲ ಒಂದೊಂದು ಎಂಎಲ್ ಕೊಡಬೇಕಾದ್ದು ಅದು. ಸೊರಗಿದ ಮಕ್ಕಳಿಗೆ ಮಾತ್ರ ಎಂದುಕೊಂಡು ಎತ್ತಿಟ್ಟಿದ್ದೆ. ಈ ಒಂದು ವಿಷಯಕ್ಕೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈಗಂತೂ ಡಾಕ್ಟರು ತೂಕ ನೋಡಿ ಬರೆದುಕೊಟ್ಟ ಹನಿ ನಡೀತಿದೆ, ದಿನವೂ, ಹಾಲಿನ ಹೊತ್ತು ಬಿಟ್ಟು.

ಎದೆಹಾಲು ಬಿಡಿಸಬೇಕಾ ಎಂದು ಕೇಳಿದ್ದಕ್ಕೆ ಅವರು ಬೇಡವೇ ಬೇಡ ಅಂದರು. ಎರಡು ವರ್ಷದವರೆಗೂ, ಬೇಕಾದರೆ ಅದರಾಚೆಗೂ ಕೊಡಿ ಎನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಹೌದು. ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅದರಿಂದ ಬರಬಲ್ಲದು. ಉಳಿದ ಎರಡು ಪಾಲು ತಟ್ಟೆಯಿಂದ: ಮೂರು ನಾಲ್ಕು ಊಟ, ಒಂದೊಂದು ಸಲ ಮುಕ್ಕಾಲರಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ಹಣ್ಣೋ ಇನ್ನೇನೋ. ನಾನು ಎದೆಹಾಲು ಕೊಡುತ್ತಿರುವುದರಿಂದ ಬೇರೆ ಹಾಲು ಹಟ ಹಿಡಿದು ಕುಡಿಸಬೇಕಾಗಿಲ್ಲ, ಮೊಸರು ಸಾಕು. ಕೊಟ್ಟರೂ ಲೋಟದಲ್ಲಿ, ಊಟ ಆದ ಎಷ್ಟೋ ಹೊತ್ತಿನ ಮೇಲೆ, ಸ್ವಲ್ಪ. ಅಂಗಡಿಯಲ್ಲಿ ಕಂಡ ಒಂದು ವರ್ಷ ಮೇಲ್ಪಟ್ಟ ಮಕ್ಕಳ ಹಾಲಿನ ಪುಡಿ ಕೇಳಿದಾಗ, ಆ ದುಡ್ಡಿಗೆ ಮೊಟ್ಟೆ ತನ್ನಿ ಅಂದರು.

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ಮೂರು ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಾಟಲಿ ಅಟ್ಟಕ್ಕೆ ಹೋಯಿತು, ಪುಟ್ಟಿ ಅಡುಗೆಮನೆ ಕಟ್ಟೆ ಕಡೆ ಬೆರಳು ತೋರಿಸಿ ಅತ್ತಳು. ಎರಡನೇ ದಿನ ಅತ್ತೆ ಮೂರು ಗಂಟೆಗೆ ಕಾಲೇಜಿಗೆ ಫೋನು ಮಾಡಿ, "ಮಗ ಹಸಿದಿದೆ ಕಣಮ್ಮ, ನನ್ನ ಕೈಲಿ ನೋಡಕಾಗಲ್ಲ" ಅಂದರು. ಅವರ ದನಿ ಒಡೆದಿತ್ತು. ನಾನು ಅವರ ಮೇಲೆ ಸಿಟ್ಟಾಗುವ ಹಾಗೇ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಎತ್ತಿ ಆಡಿಸುವವರು ಅವರು. ರಾಗಿ ಮೈಗೆ ಸೇರಲಿ ಎಂದು ಬಾಟಲಿಯ ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಹಾಲಿಗೇ ರಾಗಿ ಸರಿ, ಅಂದರೆ ರಾಗಿ ಗಂಜಿ, ತೆಳ್ಳಗೆ ಕಲಸಿ ಕುಡಿಸುತ್ತಿದ್ದವರು. ಪ್ರೀತಿಗೇನೂ ಕಡಿಮೆಯಿರಲಿಲ್ಲ, ಮಗುವಿಗೆ ಅಗಿಯುವ ಅಭ್ಯಾಸ ಮಾತ್ರ ಆಗಿರಲಿಲ್ಲ.

ದಾರಿ ಕಂಡದ್ದೂ ಅತ್ತೆಗೇ. ನಾಲ್ಕನೇ ದಿನ ಟ್ರಂಕಿನಿಂದ ಬೆಳ್ಳಿಯ ಒಳಲೆ ತೆಗೆದರು, ಮಗುವಿಗೆ ಹಾಲು ಹಾಕುವ ಕೊಕ್ಕಿನ ಪುಟ್ಟ ಬಟ್ಟಲು, ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಹಾಲು ಹಾಕುತ್ತಿದ್ದದ್ದು. ಅದರಲ್ಲಿ ಎರಡು ಗುಟುಕು ನೀರು ಕೊಟ್ಟು ಆಟ ಆಡಿಸಿದರು, ಬಾಟಲಿಯ ನೆನಪು ಅಲ್ಲಿಗೆ ಸ್ವಲ್ಪ ಮಾಸಿತು. ಆಮೇಲೆ ರಾಗಿ ಸರಿಯನ್ನು ಗಟ್ಟಿಯಾಗಿ ಮಾಡತೊಡಗಿದರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಆರಿಸಿ, ಹದವಾಗಿ ಹುರಿದು ಬೀಸಿಸಿದ ಹಿಟ್ಟು. ಮೊಳಕೆ ಬರಿಸಿದ ಹಿಟ್ಟು ಕಾಯಿಸಿದಾಗ ಬೇಗ ಗಂಟಲಿಗೆ ಅಂಟುವಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ನೀರಿಗೆ ಹಿಟ್ಟು ಜಾಸ್ತಿ ಹಾಕಬಹುದು, ಪುಟ್ಟ ಹೊಟ್ಟೆಗೆ ನಾಲ್ಕೇ ಚಮಚದಲ್ಲಿ ಬೇಕಾದ್ದು ಸೇರುತ್ತದೆ. ಅತ್ತೆಗೆ ಇದು ಅವರ ತಾಯಿ ಕಾಲದಿಂದ ಗೊತ್ತು.

ನನಗೆ ಕಷ್ಟವಾದದ್ದು ಸಾಯಂಕಾಲದ ಹೊತ್ತು. ಐದೂವರೆಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಓಡಿ ಬಂದು ಸೆರಗು ಎಳೆಯುತ್ತಾಳೆ. ಊಟ ಮಾಡಲಿ ಎಂದು ಎರಡು ದಿನ ಆ ಹಾಲು ತಡೆದೆ. ಅವಳು ಅತ್ತು ಸುಸ್ತಾಗಿ ಊಟವನ್ನೂ ಬಿಟ್ಟಳು, ನನಗೂ ಎದೆ ಕಟ್ಟಿಕೊಂಡಿತು. ಈಗ ಬಂದ ಕೂಡಲೇ ಕೊಡುತ್ತೇನೆ. ಅವಳಿಗೆ ಆ ಹೊತ್ತಿಗೆ ಬೇಕಿರುವುದು ನಾನು. ಹತ್ತು ನಿಮಿಷಕ್ಕೆ ತಾನೇ ಬಿಟ್ಟು ಆಟಕ್ಕೆ ಇಳಿಯುತ್ತಾಳೆ. ಅಲ್ಲಿಂದ ಏಳು ಗಂಟೆಯವರೆಗೆ ಬಿಸ್ಕತ್ತೂ ಇಲ್ಲ, ಹಾಲೂ ಇಲ್ಲ. ಏಳಕ್ಕೆ ನಮ್ಮ ಜೊತೆ ನೆಲದ ಮೇಲೆ ಊಟ, ಫೋನಿನ ಹಾಡಿಲ್ಲದೆ. ಮಲಗುವಾಗ ಮತ್ತೆ ಎದೆಹಾಲು. ತಿನ್ನದ ದಿನವೂ ಇದೆ. ಮೊನ್ನೆ ಬುಧವಾರ ಮೂರು ತುತ್ತಿಗೆ ಬಾಯಿ ಬಿಗಿದಳು, ತಟ್ಟೆ ಎತ್ತಿಟ್ಟೆ. ಬಾಯಿಗೆ ತುರುಕುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಶುಕ್ರವಾರ ನಾಗರಪಂಚಮಿಗೆ ಮಾಡಿದ ತಂಬಿಟ್ಟನ್ನು ನಾನು ಚೂರು ಮಾಡಿ ಬೆಲ್ಲದ ನೀರಿನಲ್ಲಿ ಮಿದುಗೊಳಿಸಿ ಕೊಟ್ಟರೆ, ಇನ್ನೂ ಬೇಕೆಂದು ಕೈ ಚಾಚಿದಳು.

ಇನ್ನೊಂದು ಮಾತು ಬರೆದು ಮಲಗುತ್ತೇನೆ. ಶ್ರಾವಣ ಬಂದರೆ ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. ಸೋಮವಾರ ಶ್ರಾವಣ ಶುರುವಾದಾಗ ಡಾಕ್ಟರು ಹೇಳಿದ ಮೊಟ್ಟೆಯ ಮಾತು ಎತ್ತಲಿಕ್ಕೇ ನನಗೆ ಧೈರ್ಯವಿರಲಿಲ್ಲ, ಹೇಗೂ ಬೇಳೆ, ಸೊಪ್ಪು, ಕಾಳು ಇದೆಯಲ್ಲ ಎಂದು ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಅತ್ತೆ ಸ್ನಾನದ ನೀರಿನ ಒಲೆ ಪಕ್ಕ ಮೂರು ಕಲ್ಲು ಹೂಡಿ ಹಳೇ ಚೊಂಬಿನಲ್ಲಿ ಏನೋ ಕುದಿಸುತ್ತಿದ್ದರು.

"ಒಳಗೆ ತರಲ್ಲ, ಇಲ್ಲೇ ತಿನ್ನಿಸ್ತೀನಿ. ಮಗೂಗೆ ಯಾವ ಶ್ರಾವಣ" ಅಂದರು, ನನ್ನ ಕಡೆ ನೋಡದೆ.

ಹಳದಿ ಭಾಗವನ್ನು ಬೆರಳಲ್ಲಿ ಪುಡಿ ಮಾಡಿ ಒಂದೊಂದೇ ಚಿಟಿಕೆ ಬಾಯಿಗಿಟ್ಟರು. ಪುಟ್ಟಿ ತೆಂಗಿನ ಬುಡದಲ್ಲಿ ಕುಳಿತು ತಿಂದಳು. ಮುಂದಿನ ರಕ್ತ ಪರೀಕ್ಷೆ ಸೆಪ್ಟೆಂಬರ್ ಮೂರನೇ ವಾರ.