ಪಕ್ಕದ ಮನೆಯವರು ಏಣಿ ಕೇಳಿದಾಗ

ಫೋನ್ ಎತ್ತಿದ ಕೂಡಲೇ ಉಮ್ಮ ಕೇಳುವ ಮೊದಲ ಪ್ರಶ್ನೆ ಒಂದೇ. "ನಮಾಝ್ ಆಯ್ತಾ?" ನಾನು ಹೊರದೇಶಕ್ಕೆ ಬಂದು ಏಳು ವರ್ಷವಾಯಿತು, ಆ ಪ್ರಶ್ನೆ ಬದಲಾಗಿಲ್ಲ. ಆಯ್ತು ಅಂದ ಮೇಲೆಯೇ ಬೇರೆ ಮಾತು.

ಮೊದಲ ಎರಡು ವರ್ಷ ನನ್ನ ದೀನ್ (ಧರ್ಮ) ಅಂದರೆ ಆ ಉತ್ತರ ಮಾತ್ರ ಆಗಿತ್ತು ಅಂತ ಈಗ ಅನ್ನಿಸುತ್ತದೆ. ಐದು ಹೊತ್ತು ತಪ್ಪಬಾರದು, ಅಷ್ಟೇ. ಅದೂ ಸುಲಭವಿರಲಿಲ್ಲ. ಇದು ಉತ್ತರದ ಚಳಿ ದೇಶ. ನಮಾಝ್‌ಗೆ ಕರೆಯುವ ಬಾಂಗ್ ಕಿವಿಗೆ ಬೀಳುವುದಿಲ್ಲ, ಹೊತ್ತಾಯಿತು ಅಂತ ಮೊಬೈಲ್ ಹೇಳಬೇಕು. ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದು. ಮಧ್ಯಾಹ್ನದ ನಮಾಝ್ ಝುಹರ್ ಮುಗಿಸಿ ಕೂತರೆ ಇಳಿಹೊತ್ತಿನ ಅಸರ್, ಅದರ ಬೆನ್ನಿಗೇ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್. ಮೂರೂ ಕೆಲಸದ ಹೊತ್ತಿನಲ್ಲೇ ಬಂದುಬಿಡುತ್ತವೆ. ಬೇಸಿಗೆಯಲ್ಲಿ ರಾತ್ರಿಯ ಇಶಾಗೆ ಕಾಯುತ್ತಾ ನಡುರಾತ್ರಿಯಾಗುತ್ತದೆ, ಕಣ್ಣು ಮುಚ್ಚುವಷ್ಟರಲ್ಲಿ ಮುಂಜಾನೆಯ ಫಜ್ರ್. ಊರಲ್ಲಿದ್ದಾಗ ಮಸೀದಿ, ಮನೆ, ಗೆಳೆಯರು ಎಲ್ಲರೂ ಸೇರಿ ನನ್ನನ್ನು ನಮಾಝ್‌ಗೆ ಕರೆದೊಯ್ಯುತ್ತಿದ್ದರು. ಇಲ್ಲಿ ನಾನೇ ಏಳಬೇಕು. ಆ ಶಿಸ್ತು ಬಂದಾಗ ನಾನು ಒಳ್ಳೆಯ ಮುಸ್ಲಿಮನಾದೆ ಅಂದುಕೊಂಡೆ.

ಆಗ ನಡೆದದ್ದು ಇದು. ಡಿಸೆಂಬರ್ ತಿಂಗಳು. ರಜಾದಿನ. ಅಸರ್‌ಗೆ ಇನ್ನು ಸ್ವಲ್ಪವೇ ಸಮಯ ಉಳಿದಿತ್ತು. ಕೈಕಾಲು ಮುಖ ತೊಳೆದು ವುಝೂ ಮಾಡಿ, ನಮಾಝಿನ ಚಾಪೆ ಮುಸಲ್ಲಾ ಹಾಸುತ್ತಿದ್ದೆ, ಬೆಲ್ ಆಯಿತು. ಎದುರು ಬಾಗಿಲಿನ ಅಜ್ಜ. ಎಂಬತ್ತರ ಆಸುಪಾಸಿನವರು, ಒಬ್ಬರೇ ಇರುತ್ತಾರೆ. ಮನೆಯ ಒಳದಾರಿಯ ಬಲ್ಬ್ ಹೋಗಿದೆ, ಏಣಿ ಇದ್ದರೆ ಕೊಡ್ತೀರಾ ಅಂದರು. ಏಣಿ ನನ್ನ ಬೆನ್ನ ಹಿಂದೆಯೇ ಇತ್ತು. "ಈಗ ಸ್ವಲ್ಪ ಕೆಲಸ ಇದೆ, ಆಮೇಲೆ ತಂದು ಕೊಡ್ತೀನಿ" ಅಂದೆ. ಅವರು ಕ್ಷಮೆ ಕೇಳಿ ಹೋದರು. ನಾನು ನಮಾಝ್ ಮುಗಿಸಿದೆ. ಆಮೇಲೆ ಯಾವುದೋ ಫೋನ್ ಬಂತು, ಏಣಿ ಮರೆತೇ ಹೋಯಿತು.

ಮೂರು ದಿನ ಅವರ ಮನೆಯೊಳಗೆ ಕತ್ತಲೆಯೇ ಇತ್ತು. ಬಾಗಿಲು ತೆರೆದಾಗ ಕಾಣುತ್ತಿತ್ತು, ಆದರೂ ನನಗೆ ಹೊಳೆಯಲಿಲ್ಲ. ಅವರು ಇನ್ನೊಮ್ಮೆ ಕೇಳಲೂ ಇಲ್ಲ.

ಮೂರನೇ ರಾತ್ರಿ ಇಶಾದಲ್ಲಿ ಸೂರಃ ಅಲ್ ಮಾಊನ್ ಓದಿದೆ. ಕುರ್‌ಆನಿನ 107ನೇ ಸೂರಃ (ಅಧ್ಯಾಯ), ಬರೀ 7 ಆಯತ್ (ವಚನ). ಚಿಕ್ಕದು ಅಂತ ಮಕ್ಕಳಿಗೆ ಮೊದಮೊದಲೇ ಕಲಿಸುತ್ತಾರೆ. ಮದ್ರಸಾದಲ್ಲಿ ಕಲಿತ ದಿನದಿಂದ ಅದನ್ನು ಎಷ್ಟು ಸಾವಿರ ಸಲ ಓದಿದ್ದೇನೋ ಲೆಕ್ಕವಿಲ್ಲ. ಅರ್ಥ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಆ ರಾತ್ರಿ ಸುಮ್ನೆ ತೆರೆದು ನೋಡಿದೆ. ಧರ್ಮವನ್ನು ಸುಳ್ಳೆನ್ನುವವನು ಯಾರು ಗೊತ್ತಾ ಅನ್ನುವ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಅನಾಥನನ್ನು ದೂಡುವವನು, ಬಡವನಿಗೆ ಉಣಿಸಲು ಹುರಿದುಂಬಿಸದವನು. ಅದಾದ ಮೇಲೆ ಬರುವ ಮಾತು ನನ್ನನ್ನು ಕೂತಲ್ಲೇ ಕೂರಿಸಿತು. ನಮಾಝ್ ಮಾಡುವವರಿಗೆ ವಿನಾಶ! ತಮ್ಮ ನಮಾಝಿನ ಬಗ್ಗೆ ಅರಿವಿಲ್ಲದವರಿಗೆ, ತೋರಿಕೆಗೆ ಮಾಡುವವರಿಗೆ, ಮಾಊನ್ ಕೊಡದೆ ತಡೆಹಿಡಿಯುವವರಿಗೆ.

ಮಾಊನ್ ಅಂದರೆ ಏನು? ನೆರೆಹೊರೆಯವರು ಒಬ್ಬರಿಂದೊಬ್ಬರು ಪಡೆಯುವ ಸಣ್ಣಪುಟ್ಟ ವಸ್ತುಗಳು. ಪ್ರವಾದಿಯವರ (ಸ) ಕಾಲದಲ್ಲಿ ನಾವು ಬಕೆಟು, ಅಡುಗೆ ಪಾತ್ರೆ ಎರವಲು ಕೊಡುವುದನ್ನು ಮಾಊನ್ ಅನ್ನುತ್ತಿದ್ದೆವು ಅಂತ ಅವರ ಸಂಗಾತಿ ಇಬ್ನ್ ಮಸ್ಊದ್ (ರ) ಹೇಳಿದ ಮಾತು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಯಲ್ಲಿದೆ. ಏಣಿ ಅನ್ನುವ ಪದ ಅಲ್ಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಬೆಳಿಗ್ಗೆ ಏಣಿ ಹಿಡಿದು ಹೋದೆ. ತಪ್ಪಾಯ್ತು ಅಂದೆ. ಬಲ್ಬ್ ನಾನೇ ಹಾಕಿದೆ. ಅವರ ಕೈ ನಡುಗುವುದು ಆಗಲೇ ಗಮನಿಸಿದ್ದು. ಏಣಿ ಕೊಟ್ಟಿದ್ದರೂ ಅವರು ಹತ್ತಬಾರದಿತ್ತು. ಇಷ್ಟು ಕಾಲ ಎದುರುಬದುರು ಇದ್ದು ಇದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ನನ್ನ ಓದಿನ ದಾರಿ ಬದಲಾಯಿತು. ಅನ್ನಿಸಾ ಅಧ್ಯಾಯದ 36ನೇ ಆಯತ್ ನೋಡಿ. ಯಾರ ಜೊತೆ ಒಳ್ಳೆಯದಾಗಿ ನಡೆದುಕೊಳ್ಳಬೇಕು ಅಂತ ಅಲ್ಲಿ ಹೇಳುತ್ತಾ ತಂದೆತಾಯಿ, ಬಂಧುಗಳು, ಅನಾಥರು, ಬಡವರು ಆದ ಮೇಲೆ ನೆರೆಯವರ ಮಾತು ಎರಡು ಸಲ ಬರುತ್ತದೆ. ಹತ್ತಿರದ ನೆರೆಯವರು, ಪರಿಚಯವಿಲ್ಲದ ನೆರೆಯವರು. ಆ ಎರಡನೆಯವರು ನನ್ನ ಎದುರು ಬಾಗಿಲಿನಲ್ಲೇ ಇದ್ದರು. ದೇವದೂತ ಜಿಬ್ರೀಲ್ ನೆರೆಯವರ ಬಗ್ಗೆ ಎಷ್ಟು ಸಲ ಒತ್ತಿ ಹೇಳಿದರೆಂದರೆ, ಅವರಿಗೆ ಆಸ್ತಿಯಲ್ಲೂ ಪಾಲು ಕೊಡಿಸುತ್ತಾರೇನೋ ಅಂತ ನನಗೆ ಅನ್ನಿಸಿಬಿಟ್ಟಿತು ಅಂತ ಪ್ರವಾದಿಯವರು (ಸ) ಹೇಳಿದ್ದು ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ನೆರೆಯವರ ಧರ್ಮ ಯಾವುದು ಅನ್ನುವ ಷರತ್ತು ಅಲ್ಲಿಲ್ಲ.

ಕೆಲಸದಲ್ಲೂ ಇದೇ ಕಣ್ಣಿನಿಂದ ನೋಡತೊಡಗಿದೆ. ನಾವು ಎಷ್ಟು ಗಂಟೆ ದುಡಿದೆವು ಅಂತ ನಾವೇ ಬರೆದುಕೊಡುತ್ತೇವೆ. ಯಾರೂ ಪರೀಕ್ಷೆ ಮಾಡುವುದಿಲ್ಲ. ಅರ್ಧ ಗಂಟೆ ಜಾಸ್ತಿ ಬರೆದರೆ ಏನಾಗುತ್ತೆ ಅಂತ ನಾನೂ ಬರೆದಿದ್ದೇನೆ. ಪ್ರವಾದಿಯವರು (ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರಂತೆ. ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಅಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ, ಮೋಸ ಮಾಡುವವನು ನನ್ನವನಲ್ಲ ಅಂದರು. ಆ ಅರ್ಧ ಗಂಟೆ ನನ್ನ ರಾಶಿಯ ಒದ್ದೆ ಕಾಳು. ಈಗ ಇದ್ದದ್ದನ್ನೇ ಬರೆಯುತ್ತೇನೆ.

ಕಡ್ಡಾಯ ದಾನವಾದ ಝಕಾತ್ ಲೆಕ್ಕವನ್ನೂ ಇಲ್ಲೇ ಕಲಿತೆ. ಊರಲ್ಲಿ ಅಪ್ಪ ಮಾಡುತ್ತಿದ್ದರು, ನಾನು ತಲೆ ಕೆಡಿಸಿಕೊಂಡಿರಲಿಲ್ಲ. 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರವರ್ಷ ಪೂರ್ತಿ ಇದ್ದರೆ ಶೇಕಡಾ 2.5 ಕೊಡಬೇಕು. ಯಾರಿಗೆ ಸಲ್ಲಬೇಕು ಅನ್ನುವ ಎಂಟು ಬಗೆಯ ಪಟ್ಟಿ ಅತ್ತೌಬಾ ಅಧ್ಯಾಯದಲ್ಲಿದೆ. ಅದರಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರೂ ಇದ್ದಾರೆ. ಪರದೇಶದಲ್ಲಿ ಕೂತು ಆ ಪದ ಓದಿದಾಗ ಮನಸ್ಸಿಗೆ ತಟ್ಟುವ ರೀತಿಯೇ ಬೇರೆ, ಅಲ್ವಾ?

ನಮಾಝ್ ಕಡಿಮೆ, ಉಳಿದದ್ದು ಹೆಚ್ಚು ಅಂತ ನಾನು ಹೇಳುತ್ತಿಲ್ಲ. ಹಾಗೆ ತಿಳಿಯಬೇಡಿ. ಆ ಸೂರಃ ನನ್ನ ಕಿವಿಗೆ ಬಿದ್ದದ್ದೇ ನಮಾಝಿನಲ್ಲಿ. ಅಂದು ಬಾಗಿಲಲ್ಲಿ ಏಣಿ ಕೊಟ್ಟು ಬರಲು ಒಂದು ನಿಮಿಷವೂ ಬೇಕಿರಲಿಲ್ಲ. ಅಸರ್ ಹೇಗೂ ಸಿಗುತ್ತಿತ್ತು.

ಅಲ್ಲಾಹನಿಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಚಿಕ್ಕದಾದರೂ ಬಿಡದೆ ಮಾಡುವಂಥದ್ದು ಅನ್ನುವ ಹದೀಸ್ ಪ್ರವಾದಿಯವರ ಪತ್ನಿ ಆಯಿಶಾ ಬೀವಿಯವರಿಂದ (ರ) ಬಂದಿದೆ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಪ್ರತಿ ಶನಿವಾರ ಅಜ್ಜನ ಮನೆಯ ಕಸದ ಚೀಲ ಕೆಳಗೆ ಒಯ್ಯುತ್ತೇನೆ, ಬಂದ ಪತ್ರಗಳ ಸಣ್ಣ ಅಕ್ಷರ ಓದಿ ಹೇಳುತ್ತೇನೆ. ನನ್ನ ಭಾಷೆಯ ತಪ್ಪುಗಳನ್ನು ಅವರು ತಿದ್ದುತ್ತಾರೆ. ಅಂದು ಏನು ಕೆಲಸವಿತ್ತು ಅಂತ ಒಂದು ದಿನ ಕೇಳಿದರು. ನಮಾಝ್ ಅಂದೆ, ಆಮೇಲೆ ಏಳೂ ಆಯತ್‌ಗಳ ಅರ್ಥ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, ಮಾಊನ್ ಅನ್ನುವ ಪದವನ್ನು ತಮ್ಮ ಲಿಪಿಯಲ್ಲಿ ಬರೆದುಕೊಡಲು ಹೇಳಿದರು.

ಏಣಿ ಈಗ ಅವರ ಮನೆಯಲ್ಲೇ ಇದೆ. ನನಗೆ ಬೇಕಾದಾಗ ಹೋಗಿ ಕೇಳುತ್ತೇನೆ.