ವಾಷರ್ ಕೆಳಗೆ ಬಚ್ಚಿಟ್ಟ ಚಕ್ಕೆ

ಹಾಸನದ ಒಂದು ಗಾಜಿನ ಅಂಗಡಿಯಲ್ಲಿ ನನಗೆ ಕೆಲಸ. ಕಿಟಕಿ, ಕನ್ನಡಿ, ಶೋಕೇಸು ಎಲ್ಲಾ ಮಾಡುತ್ತೇವೆ. ಆದರೆ ನಾನು ಜಾಸ್ತಿ ಬೈಸಿಕೊಂಡಿರುವುದು ಮೀನಿನ ಟ್ಯಾಂಕ್ ವಿಷಯಕ್ಕೆ.

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಮನೆಗೆ ಟ್ಯಾಂಕ್ ಬೇಕಿತ್ತು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ತುಂಬಿದರೆ ಸುಮಾರು 340 ಲೀಟರ್, ಅಂದರೆ ನೀರೇ 340 ಕೆಜಿ. ಪೈಪು ಯಾವುದೂ ಕಣ್ಣಿಗೆ ಬೀಳಬಾರದು, ಫಿಲ್ಟರ್ ಕೆಳಗಿನ ಕಬೋರ್ಡ್ ಒಳಗಿರಬೇಕು ಅಂದರು. ಹಾಗಾದರೆ ತಳದ ಗಾಜಿಗೇ ತೂತು ಹೊಡೆಯಬೇಕು. ಅದರಲ್ಲಿ ಟ್ಯಾಂಕ್ ನಿಪ್ಪಲ್ (ವಾಷರ್, ನಟ್ಟು ಹಾಕಿ ಗಾಜಿಗೆ ಬಿಗಿಯುವ ಪೈಪಿನ ತುಂಡು) ಕೂರಿಸಿ, ನೀರಿನ ಮಟ್ಟದವರೆಗೆ ಪೈಪು ನಿಲ್ಲಿಸಿದರೆ, ಹೆಚ್ಚಾದ ನೀರು ಅದರೊಳಗೆ ಇಳಿದು ಫಿಲ್ಟರ್‌ಗೆ ಹೋಗುತ್ತದೆ.

ತಳಕ್ಕೆ 10 ಎಂಎಂ ಗಾಜು. ಡ್ರಿಲ್ಲಿಗೆ ಡೈಮಂಡ್ ಹೋಲ್ ಸಾ, ಅಂದರೆ ಗಾಜನ್ನು ಬಿಲ್ಲೆಯಾಗಿ ಕೊರೆದು ತೆಗೆಯುವ ದುಂಡನೆಯ ಬಿಟ್, ಹಾಕಿ ಶುರು ಮಾಡಿದೆ. ಚೆನ್ನಾಗಿಯೇ ಹೋಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತು, ಹೊಟ್ಟೆ ಹಸಿದಿತ್ತು, ಕೊನೆಗೆ ಸ್ವಲ್ಪ ಒತ್ತಿಬಿಟ್ಟೆ. ಟಕ್ ಅಂತ ಬಿಲ್ಲೆ ಕೆಳಗೆ ಬಿತ್ತು. ಗಾಜು ತಿರುಗಿಸಿ ನೋಡಿದರೆ ತೂತಿನ ಅಂಚಿನಲ್ಲಿ ಅವರೆಕಾಳಿನಷ್ಟು ಚಕ್ಕೆ ಎದ್ದಿದೆ. ಅದರ ತುದಿಯಿಂದ ಕೂದಲೆಳೆಯಂಥ ಒಂದು ಗೆರೆ.

ಆ ಗೆರೆ ನನಗೆ ಕಾಣಿಸಿತ್ತು. ಕಾಣಲಿಲ್ಲ ಅಂತ ಇವತ್ತಿಗೂ ಹೇಳುವುದಿಲ್ಲ. ವಾಷರ್ ಮುಚ್ಚಿಕೊಳ್ಳುತ್ತದೆ ಬಿಡು ಅಂದುಕೊಂಡೆ. ಮೇಲೊಂದಿಷ್ಟು ಸಿಲಿಕೋನ್ ಅಂಟು ಬಳಿದೆ. ಅಂಗಡಿಯಲ್ಲಿ ಒಂದು ರಾತ್ರಿ ನೀರು ನಿಲ್ಲಿಸಿದಾಗ ಒಂದು ಹನಿಯೂ ಸೋರಲಿಲ್ಲ. ತೋಟದ ಮನೆಯಲ್ಲಿ ಕೂರಿಸುವಾಗ ಮಾತ್ರ ಒಳಗೊಳಗೇ ಭಯ. ಅದಕ್ಕೆ ಪಾನಾ ಹಾಕಿ ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ. ಒಂದು ತಪ್ಪಿನ ಮೇಲೆ ಇನ್ನೊಂದು.

ಜುಲೈ ತಿಂಗಳು. ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ್ದು ಅಂತ ಏನಿರುತ್ತದೆ ಹೇಳಿ? ಕಬೋರ್ಡಿನ ಹಲಗೆ ತೇವ ಆದಾಗ ಅದು ಥಂಡಿ ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಒಂದು ಬೆಳಿಗ್ಗೆ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರು. "ಅಣ್ಣಾ, ಹೆಂಚು ಸೋರ್ತಿದೆ ಅಂತ ಆಳು ಹತ್ತಿಸಿ ನೋಡಿಸಿದ್ವಿ. ಹೆಂಚು ಸರಿಯಾಗಿದೆ. ಸೋರ್ತಿರೋದು ನಿಮ್ಮ ಟ್ಯಾಂಕು."

ಹೋಗಿ ನೋಡಿದಾಗ ಆ ಕೂದಲೆಳೆ ವಾಷರ್ ದಾಟಿ ಒಂದು ಗೇಣು ಓಡಿತ್ತು. ಮೀನುಗಳನ್ನು ನೀಲಿ ಡ್ರಮ್ಮಿಗೆ ಹಾಕಿ, ಟ್ಯಾಂಕ್ ಖಾಲಿ ಮಾಡಿ ಪಿಕಪ್‌ನಲ್ಲಿ ವಾಪಸ್ ತಂದೆವು. ತಳ ಬದಲಾಯಿಸಬೇಕು ಅಂದರೆ ನಾಲ್ಕೂ ಕಡೆಯ ಸಿಲಿಕೋನನ್ನು ಬ್ಲೇಡಿನಲ್ಲಿ ಕೊಯ್ದು ಪೂರ್ತಿ ಬಿಚ್ಚಬೇಕು. ಅಂಗಡಿಯ ಯಜಮಾನರು ಸಂಬಳ ಹಿಡಿಯಲಿಲ್ಲ. ಒಂದು ವಾರ ಡ್ರಿಲ್ ಮುಟ್ಟಲು ಬಿಡಲಿಲ್ಲ, ಅಷ್ಟೇ. "ಒತ್ತಿದ್ರೆ ಬಗ್ಗೋಕೆ ಇದೇನು ಬೇಲೂರಿನ ಬಳಪದ ಕಲ್ಲೇನಯ್ಯ?" ಅಂದರು.

ಆ ವಾರ ಸುಮ್ನೆ ಕೂತು ಅವರು ತೂತು ಹೊಡೆಯುವುದನ್ನೇ ನೋಡಿದೆ. ಮೊದಲು ಗಾಜನ್ನು ಬಿಳಿ ಬಣ್ಣ ತುಂಬಿದ ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡುತ್ತಾರೆ. ಗಾಜಿನಲ್ಲಿ ಕಪ್ಪು ಮಚ್ಚೆ, ಬಣ್ಣದ ಪಟ್ಟೆ ಕಂಡರೆ ಅದು ಟಫನ್ ಗಾಜು, ಅಂದರೆ ಕಾಸಿ ಗಟ್ಟಿ ಮಾಡಿದ್ದು. ಅದಕ್ಕೆ ಡ್ರಿಲ್ ಇಟ್ಟರೆ ಕಲ್ಲುಸಕ್ಕರೆ ಹಾಗೆ ಪುಡಿಪುಡಿ. ಎಷ್ಟೋ ರೆಡಿಮೇಡ್ ಟ್ಯಾಂಕ್‌ಗಳ ತಳ ಮಾತ್ರ ಟಫನ್ ಇರುತ್ತದೆ, ಪಕ್ಕದ ಗಾಜು ನೋಡಿ ನಂಬಬಾರದು.

ತೂತಿನ ಜಾಗದ ಸುತ್ತ ಗಣಪತಿ ಮಾಡುವ ಜೇಡಿಮಣ್ಣಿನಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಬಿಟ್ ಬಿಸಿ ಆಗಬಾರದು, ಗಾಜಿನ ಧೂಳು ಮೂಗಿಗೆ ಹೋಗಬಾರದು. ನೀರು ಇರುವಲ್ಲಿ ಕರೆಂಟ್ ಡ್ರಿಲ್ ಬೇಡ, ಬ್ಯಾಟರಿಯದೇ ಸರಿ. ಸ್ಪೀಡು ಕಮ್ಮಿ, ಡ್ರಿಲ್ಲಿನ ಹ್ಯಾಮರ್ ಮೋಡ್ ಅಂತೂ ಬೇಡವೇ ಬೇಡ. ಡ್ರಿಲ್ಲಿನ ಭಾರ ಎಷ್ಟಿದೆಯೋ ಅಷ್ಟೇ ಒತ್ತಡ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ, ಬದಲಾಯಿಸುತ್ತಾ ಇರಬೇಕು. 10 ಎಂಎಂ ಗಾಜಿಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ.

ನಿಜವಾದ ಕೆಲಸ ಇರುವುದು ಕೊನೆಯಲ್ಲಿ. ಅರ್ಧ ಎಂಎಂ ಉಳಿದಾಗ ಡ್ರಿಲ್ಲಿನ ಸದ್ದು ಬದಲಾಗುತ್ತದೆ. ಆಗ ಉಳಿದ ಪದರಕ್ಕೆ ಬಲವೇ ಇರುವುದಿಲ್ಲ. ಒತ್ತಿದರೆ ಬಿಟ್ ಕೊರೆಯುವ ಮೊದಲೇ ಬಿಲ್ಲೆ ಕಿತ್ತುಕೊಂಡು ಹೋಗುತ್ತದೆ, ಹೋಗುವಾಗ ಅಂಚನ್ನೂ ಒಂದಿಷ್ಟು ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಯಜಮಾನರು ಡ್ರಿಲ್ಲನ್ನು ಒತ್ತುವುದಿಲ್ಲ, ಎತ್ತಿ ಹಿಡಿಯುತ್ತಾರೆ. ಕೆಳಗಡೆ ಟೇಪ್ ಹಚ್ಚಿ ಇನ್ನೊಂದು ವೇಸ್ಟ್ ಗಾಜಿನ ತುಂಡು ಕೊಟ್ಟಿರುತ್ತಾರೆ.

ಇಷ್ಟು ಮಾಡಿದರೂ ಸಣ್ಣ ಚಕ್ಕೆ ಏಳುತ್ತದೆ. ಏಳುವುದು ಬಿಟ್ ಹೊರಗೆ ಬರುವ ಮಗ್ಗುಲಲ್ಲಿ. ಹಾಗಾಗಿ ವಾಷರ್ ಕೂರುವ ಮಗ್ಗುಲಿನಿಂದಲೇ ಕೊರೆಯಲು ಶುರು ಮಾಡಬೇಕು. ವಾಷರ್ ಟ್ಯಾಂಕಿನ ಒಳಗಡೆ ಕೂರುತ್ತದೆ, ಚಕ್ಕೆ ಹೊರಗಿನ ನಟ್ಟಿನ ಕಡೆ ಹೋಗುತ್ತದೆ. ನಾನು ಆವತ್ತು ಉಲ್ಟಾ ಮಾಡಿದ್ದೆ. ಇಷ್ಟು ಸುಲಭದ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ನಟ್ಟು ಕೈಯಲ್ಲೇ ಬಿಗಿದು, ಆಮೇಲೆ ಕಾಲು ಸುತ್ತು ಸಾಕು. ವಾಷರ್‌ಗೆ ಸಿಲಿಕೋನ್ ಬೇಡ, ಬಿಗಿಯುವಾಗ ವಾಷರ್ ಜಾರುತ್ತದೆ.

ಚಕ್ಕೆ ಬೇರೆ, ಬಿರುಕು ಬೇರೆ. ಚಕ್ಕೆ ಅಂದರೆ ಗಾಜು ಹೋಗಿದೆ, ಚಿಪ್ಪಿನ ಹಾಗೆ ಗುಳಿ ಬಿದ್ದಿದೆ, ಅಲ್ಲಿಗೆ ಮುಗಿಯಿತು. ಅದನ್ನು ಡೈಮಂಡ್ ಪ್ಯಾಡಿನಲ್ಲಿ ನೀರು ಹಾಕಿ ಉಜ್ಜಿ ನುಣ್ಣಗೆ ಮಾಡಿದರೆ, ವಾಷರ್ ಅದನ್ನು ದಾಟಿ ಸುತ್ತಲೂ ಒಳ್ಳೆಯ ಗಾಜಿನ ಮೇಲೆ ಕೂರುವುದಾದರೆ ತೊಂದರೆ ಇಲ್ಲ. ಗೆರೆ ಹೊರಟಿದ್ದರೆ ಆ ಗಾಜು ಟ್ಯಾಂಕಿಗೆ ಬೇಡ. ಸಿಲಿಕೋನ್ ಗೆರೆಯನ್ನು ಮುಚ್ಚುತ್ತದೆ, ನಿಲ್ಲಿಸುವುದಿಲ್ಲ. ಟಾರ್ಚನ್ನು ಗಾಜಿನ ಪಕ್ಕದಿಂದ ಬಿಟ್ಟರೆ ಗೆರೆ ಬೆಳ್ಳಿ ದಾರದ ಹಾಗೆ ಹೊಳೆಯುತ್ತದೆ.

ಮೊನ್ನೆ ಅರಕಲಗೂಡಿನಿಂದ ಒಬ್ಬರು ಬಂದಿದ್ದರು. ತೂತು ಹೊಡೆದಾಗ ಸಾಸಿವೆಯಷ್ಟು ಚಕ್ಕೆ ಎದ್ದಿತು. ಕರೆದು ಟಾರ್ಚ್ ಕೈಗೆ ಕೊಟ್ಟೆ. ಪಕ್ಕದಲ್ಲಿ ಆ ಹಳೆಯ ತಳದ ಗಾಜಿನ ತುಂಡನ್ನೂ ಇಟ್ಟೆ, ಅದನ್ನು ನಾನು ಎಸೆದಿಲ್ಲ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಎರಡರ ಮೇಲೂ ಉಗುರು ಆಡಿಸಿದರು. "ಇದಾಗ್ಬಹುದು ಅಲ್ವಾ?" ಅಂದರು. ಆಗುತ್ತದೆ ಅಂದೆ. "ಹಾಗಾದ್ರೆ ನಿಪ್ಪಲ್ ಹಾಕಿ ಸಾರ್, ಆರು ಗಂಟೆ ಬಸ್ಸಿದೆ."