ಯಾರೂ ಬರದಿದ್ದಾಗ ಬಂದವರು

ಗುರುವಾರ ಮಧ್ಯಾಹ್ನದಿಂದ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. ಲೆಕ್ಸಿಂಗ್ಟನ್ನಿನ ರಪ್ ಅರೀನಾದ ಮೆಟ್ಟಿಲು ಇಳಿಯುವಾಗ ನಮ್ಮ ಪಕ್ಕದ ಮನೆಯ ಹಿರಿಯರು ಹೇಳಿದ ಮಾತು. ಕ್ರೈಟನ್ ವಿಶ್ವವಿದ್ಯಾಲಯದ ಎದುರು ನಮ್ಮೂರಿನ ಲೂಯಿವಿಲ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ 75–89ರಿಂದ ಸೋತು, ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಯ ಮೊದಲ ಪಂದ್ಯಕ್ಕೇ ಮನೆಯ ದಾರಿ ಹಿಡಿದಿತ್ತು. ಅವರ ಮಗನಿಗೆ ರಜೆ ಸಿಗದೆ ಆ ಟಿಕೆಟ್ ನನ್ನ ಪಾಲಿಗೆ ಬಂದಿತ್ತು. ಸುಮ್ಮನೆ ನಡೆಯಲಾಗದೆ ನಾನೇ ಬಾಯಿ ಬಿಟ್ಟೆ: "ಹೆಪ್ಬರ್ನ್, ಎಡ್ವರ್ಡ್ಸ್, ಸ್ಮಿತ್, ಮೂವರದೂ ಕಾಲೇಜು ಆಟದಲ್ಲಿ ಇದೇ ಕೊನೆಯ ವರ್ಷ. ಬಂದು ವರ್ಷ ತುಂಬುವ ಮೊದಲೇ ಹೊರಟರು. ಆದರೂ ನಮ್ಮ ಹುಡುಗರು ಅನ್ನುತ್ತೀರಲ್ಲ?"

ಅವರು ಕಂಬಿ ಹಿಡಿದು ನಿಂತರು. "ಯಾರೂ ಬರದಿದ್ದಾಗ ಬಂದರಲ್ಲ" ಎಂದರು. ಮತ್ತೆ ಇಳಿಯತೊಡಗಿದರು.

ಆ ಮಾತಿನ ಭಾರ ತಿಳಿಯಬೇಕಾದರೆ ಹಿಂದಿನ ಎರಡು ವರ್ಷಗಳನ್ನು ಈ ಊರಿನಲ್ಲಿ ಕಳೆದಿರಬೇಕು. 2022–23ರಲ್ಲಿ ತಂಡ ಗೆದ್ದದ್ದು 4, ಸೋತದ್ದು 28. ಮರುವರ್ಷ 8 ಗೆಲುವು, 24 ಸೋಲು. 1980 ಮತ್ತು 1986ರಲ್ಲಿ ಇಡೀ ದೇಶಕ್ಕೆ ಚಾಂಪಿಯನ್ ಆಗಿದ್ದ ತಂಡ ಇದು. 2013ರಲ್ಲಿ ಗೆದ್ದ ಪಟ್ಟವನ್ನಂತೂ 2018ರಲ್ಲಿ ದಾಖಲೆಯಿಂದಲೇ ಅಳಿಸಿಹಾಕಿದರು. ಓಹಿಯೋ ನದಿಯ ದಡದ ನಮ್ಮೂರಿನ ದೊಡ್ಡ ಕ್ರೀಡಾಂಗಣದಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಜನ ಕೂರಬಹುದು. ಆ ಎರಡು ವರ್ಷ ಅಲ್ಲಿ ಕಣ್ಣಿಗೆ ರಾಚುತ್ತಿದ್ದುದು ಖಾಲಿ ಕುರ್ಚಿಗಳೇ. ಒಂದು ಜನವರಿಯ ರಾತ್ರಿ ಇದೇ ಹಿರಿಯರ ಜೊತೆ ಹೋಗಿದ್ದೆ. ನಮ್ಮ ಸಾಲಿನಲ್ಲಿ ನಾವಿಬ್ಬರೇ. ಸೋಲು ಖಚಿತವಾದ ಮೇಲೂ ಅವರು ಕೊನೆಯ ಸೆಕೆಂಡಿನವರೆಗೆ ಕೂತಿದ್ದು, ಎದ್ದು ಚಪ್ಪಾಳೆ ತಟ್ಟಿ ಹೊರಟರು. ನಾನು ಮತ್ತೆ ಆ ಕಡೆ ಸುಳಿಯಲಿಲ್ಲ. ಅವರು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

ಆಗ ಕೋಚ್ ಆಗಿದ್ದವರು ಕೆನ್ನಿ ಪೇನ್. 1986ರ ಚಾಂಪಿಯನ್ ತಂಡದಲ್ಲಿ ಆಡಿದ್ದ ಹುಡುಗ, ಈ ಊರಿನ ಹೆಮ್ಮೆ. ಈಗ ಅವರ ಹೆಸರೆತ್ತಿದರೆ ಜನ ಮುಖ ಸಿಂಡರಿಸುತ್ತಾರೆ. ಅವರ ಕೈಯಲ್ಲಿ ತಂಡ ನಿಲ್ಲಲಿಲ್ಲ, ನಿಜ. ಆದರೆ ಆಡಿ ಕಪ್ ತಂದುಕೊಟ್ಟಾಗ ಹೆಗಲ ಮೇಲೆ ಹೊತ್ತವರೇ ಹೀಗೆ ಮಾತಾಡುವುದು ನನಗೆ ಸಹಿಸದು.

2024ರ ಮಾರ್ಚ್ ಕೊನೆಯಲ್ಲಿ ಹೊಸ ಕೋಚ್ ಆಗಿ ಪ್ಯಾಟ್ ಕೆಲ್ಸಿ ಬಂದಾಗ, ಹಿಂದಿನ ವರ್ಷ ಸ್ಕಾಲರ್‌ಶಿಪ್ ಮೇಲೆ ಆಡಿದವರಲ್ಲಿ ಒಬ್ಬನೂ ಉಳಿದಿರಲಿಲ್ಲ. ಅಕ್ಷರಶಃ ಖಾಲಿ ಮನೆ. ಆಟಗಾರರು ಬಯಸಿದ ಕಾಲೇಜಿಗೆ ಹೋಗಿ ಮರುವರ್ಷವೇ ಆಡಬಹುದಾದ ಕಾಲ ಇದು. ಹಾಗಾಗಿ ಅವರು ಬೇರೆ ಬೇರೆ ಕಾಲೇಜುಗಳಿಂದ ಹುಡುಗರನ್ನು ಕರೆತಂದರು: ವಿಸ್ಕಾನ್ಸಿನ್‌ನಿಂದ ಚಕಿ ಹೆಪ್ಬರ್ನ್, ಜೇಮ್ಸ್ ಮ್ಯಾಡಿಸನ್‌ನಿಂದ ಟೆರೆನ್ಸ್ ಎಡ್ವರ್ಡ್ಸ್, ಕೊಲರಾಡೊದಿಂದ ಜೆವಾನ್ ಹ್ಯಾಡ್ಲಿ, ತಮ್ಮದೇ ಹಳೆಯ ಚಾರ್ಲ್ಸ್‌ಟನ್ ತಂಡದಿಂದ ಆಸ್ಟ್ರೇಲಿಯಾದ ರೇನ್ ಸ್ಮಿತ್. ನವೆಂಬರಿನಲ್ಲಿ ಹೊಸಬರಲ್ಲೇ ಒಬ್ಬನಾದ ಕಸಿಯನ್ ಪ್ರಯರ್‌ನ ಮೊಣಕಾಲು ಹೋಯಿತು. ಡಿಸೆಂಬರ್ ನಡುವಿನಲ್ಲಿ ಕೆಂಟಕಿ ಎದುರು ಸೋತಾಗ ಲೆಕ್ಕ 6 ಗೆಲುವು, 5 ಸೋಲು. ಇದೂ ಅಷ್ಟೇ ಎಂದುಕೊಂಡೆ. ಆಮೇಲೆ ಈ ಗುರುವಾರದವರೆಗಿನ 23 ಪಂದ್ಯಗಳಲ್ಲಿ 21 ಗೆದ್ದರು. ಕಳೆದ ವಾರವಷ್ಟೇ ಸ್ಟ್ಯಾನ್‌ಫರ್ಡ್ ಎದುರು ಕೊನೆಯ ಕ್ಷಣದಲ್ಲಿ ಹೆಪ್ಬರ್ನ್ ಎಸೆದ ಚೆಂಡು ಬಲೆಯೊಳಗೆ ಇಳಿದಾಗ, ಪಕ್ಕದ ಮನೆಯಿಂದ ಕೇಳಿಬಂದ ಕೂಗಿಗೆ ನಮ್ಮ ನಾಯಿ ಮಂಚದ ಕೆಳಗೆ ಸೇರಿತ್ತು.

ಕೆಲ್ಸಿ ಬದಿಯಲ್ಲಿ ನಿಂತು ಕುಣಿಯುವುದು, ಕೂಗುವುದು ಕೆಲವರಿಗೆ ಅತಿ ಅನ್ನಿಸುತ್ತದೆ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಬಾಸ್ಕೆಟ್‌ಬಾಲ್‌ನಿಂದಲೇ ಅಲ್ಲ. 2012ರ ಡಿಸೆಂಬರಿನಲ್ಲಿ ಅವರು ವಿಂಥ್ರಾಪ್ ಎಂಬ ಸಣ್ಣ ಕಾಲೇಜಿನ ಕೋಚ್. ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳನ್ನು ಗುಂಡಿಟ್ಟು ಕೊಂದು ನಾಲ್ಕು ದಿನವಾಗಿತ್ತು. ಓಹಿಯೋ ಸ್ಟೇಟ್ ಎದುರು ಸೋತ ಮೇಲಿನ ಪತ್ರಿಕಾಗೋಷ್ಠಿಯಲ್ಲಿ ಅವರು ಆ ಮಕ್ಕಳ ಬಗ್ಗೆ, ಮನೆಗೆ ಹೋಗಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಅಪ್ಪಿಕೊಳ್ಳುವುದರ ಬಗ್ಗೆ, ನಾಯಕರೆನಿಸಿಕೊಂಡವರೆಲ್ಲ ಎದ್ದು ನಿಲ್ಲಬೇಕಾದುದರ ಬಗ್ಗೆ ಮಾತಾಡಿದರು. ನನ್ನ ಮಗಳು ಇಲ್ಲಿ ಶಾಲೆಯಲ್ಲಿ ಗುಂಡಿನ ದಾಳಿಯ ಅಣಕು ಅಭ್ಯಾಸ ಮಾಡಿ ಮನೆಗೆ ಬಂದ ದಿನ ಆ ವಿಡಿಯೋ ನೋಡಿದ್ದೆ.

ಶುಕ್ರವಾರ ಕಚೇರಿಗೆ ಹೋದರೆ ಒಬ್ಬ ಸಹೋದ್ಯೋಗಿ ಅದೇ ಕೋಚನ್ನು ಬಯ್ಯುತ್ತಿದ್ದ. ಎರಡು ವರ್ಷ ತಂಡದ ಹೆಸರೆತ್ತದವನು, ಈ ಜನವರಿಯಲ್ಲಿ ನಮ್ಮ ತಂಡದ ಕೆಂಪು ಟೋಪಿ ಕೊಂಡವನು. ಕ್ರೈಟನ್‌ನ ನೀಲ್ ಒಬ್ಬನೇ 29 ಅಂಕ ಹೊಡೆಯುವುದನ್ನು ತಡೆಯಲಾಗಲಿಲ್ಲವೇ, ಇವನೆಂಥ ಕೋಚು ಎಂದ. ಹನ್ನೆರಡು ಗೆಲುವು ಕಾಣಲು ಎರಡು ವರ್ಷ ತೆಗೆದುಕೊಂಡ ತಂಡ ಒಂದೇ ವರ್ಷದಲ್ಲಿ 27 ಗೆದ್ದಿದೆ ಎಂದೆ. ಧ್ವನಿ ಏರಿತ್ತೆಂದು ಆಮೇಲೆ ತಿಳಿಯಿತು. ಆದರೆ ಆ ಸಿಟ್ಟು ಪೂರ್ತಿ ಅವನ ಮೇಲಿನದಾಗಿರಲಿಲ್ಲ. ಯಾರೂ ಬರದಿದ್ದಾಗ ಬಂದರಲ್ಲ.

ಮಂಡ್ಯದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ಬಹುಕಾಲ ಖಾಲಿ ಇತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ವರ್ಷದ ಮಟ್ಟಿಗೆಂದು ಒಬ್ಬರು ಬಂದರು. ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತೆಂದು ಅಪ್ಪ ಹೇಳುತ್ತಿದ್ದರು. ಎರಡು ಕಂಬ ನೆಡಿಸಿ, ಹಳೆಯ ಬಾನಿಯ ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬಾಗಿಸಿ ಹೊಡೆಸಿ, ಬೆಳಿಗ್ಗೆ ಆರಕ್ಕೆ ನಮ್ಮನ್ನು ಮಣ್ಣಿನ ಅಂಗಳಕ್ಕೆ ಇಳಿಸಿದರು. ಹೆಣ್ಣುಮಕ್ಕಳು ಲಂಗದಲ್ಲಿ ಓಡಲು ನಾಚಿದಾಗ, ಮನೆಮನೆಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿ ಚೂಡಿದಾರ್‌ಗೆ ಒಪ್ಪಿಸಿಬಂದರು. ಚೆಂಡನ್ನು ನೋಡದೆ ಪುಟಿಸುವುದನ್ನು, ಪಾಸ್ ಕೊಟ್ಟ ಮೇಲೆ ನಿಲ್ಲದೆ ಓಡುವುದನ್ನು ಕಲಿಸಿದವರು ಅವರು. ತಾಲ್ಲೂಕು ಮಟ್ಟದಲ್ಲಿ ಎರಡನೆಯ ಪಂದ್ಯಕ್ಕೇ ಸೋತೆವು.

ಏಪ್ರಿಲ್ ಬಂದಾಗ ಅವರು ಹೋದರು. ಕಾಯಂ ಮೇಷ್ಟ್ರುಗಳು ವರ್ಗವಾಗಿ ಹೋಗುವಾಗ ಶಾಲೆಯಲ್ಲಿ ಹಾರ, ಶಾಲು, ಭಾಷಣ, ಕೇಸರಿಬಾತು ಇರುತ್ತಿತ್ತು. ಇವರಿಗೆ ಏನೂ ಇರಲಿಲ್ಲ. ಒಂದು ವರ್ಷದವರಲ್ಲವೇ. ಸೈಕಲ್ಲಿನ ಹಿಂದೆ ಟ್ರಂಕು ಕಟ್ಟಿಕೊಂಡು ಹೋಗುವಾಗ ನಾವು ಅಂಗಳದಲ್ಲಿ ಆಡುತ್ತಿದ್ದೆವು. ಅವರು ಕೈ ಎತ್ತಿದರು. ಯಾರೋ ಒಬ್ಬರು ಕೈ ಎತ್ತಿರಬಹುದು.

ಗುರುವಾರ ಪಂದ್ಯ ಮುಗಿದಾಗ ರಪ್ ಅರೀನಾದಲ್ಲಿ, ನಮ್ಮ ಹಳೆಯ ಎದುರಾಳಿ ಕೆಂಟಕಿಯವರ ಆ ಮನೆಯಲ್ಲಿ, ಕೆಂಪು ಅಂಗಿಯ ಜನ ಎದ್ದು ನಿಂತು ಸೋತ ಹುಡುಗರಿಗೆ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಆ ಹಿರಿಯರು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತಿದ್ದರು, ಮಗನನ್ನು ಬಸ್ಸು ಹತ್ತಿಸಲು ಬಂದವರ ಹಾಗೆ.

ಮೇಷ್ಟ್ರ ಹೆಸರು ನನಗೆ ನೆನಪಿಲ್ಲ. ಮೂರು ದಿನದಿಂದ ಹುಡುಕುತ್ತಿದ್ದೇನೆ. ಜೊತೆಗೆ ಆಡಿದ್ದ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬಳು ಶಿವ ಅಂತ ಏನೋ ಇತ್ತು ಎಂದಳು, ಇನ್ನೊಬ್ಬಳು ಅಲ್ಲ ಎಂದಳು. ಒಂಬತ್ತನೆಯ ತರಗತಿಯ ಗ್ರೂಪ್ ಫೋಟೋದ ಕೆಳಗೆ ಮೇಷ್ಟ್ರುಗಳ ಹೆಸರು ಅಚ್ಚಾಗಿರುತ್ತಿತ್ತು. ಅಟ್ಟದ ಟ್ರಂಕಿನಲ್ಲಿ ನೋಡು ಎಂದು ತಂಗಿಗೆ ಹೇಳಿದ್ದೇನೆ. ಭಾನುವಾರ ಹತ್ತಿ ನೋಡುತ್ತೇನೆ ಅಕ್ಕ, ಎಂದಿದ್ದಾಳೆ.